ಚೀಟಿ ಬರೆಯದ ಕ್ಯಾಮೆರಾ

ಅಂಗಡಿಯ ಮೇಜಿನಿಂದ,
ಮಾರ್ಚ್ ೧೧, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ತರಲೆ ತಮ್ಮನಿಗೆ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ, ಇಲ್ಲಿದ್ದಾಗಿನ ಹಾಗೆ ಬರೀ ಬ್ರೆಡ್ಡು ತಿಂದು ದಿನ ತಳ್ಳುತ್ತೀಯೋ? ನಾಲ್ಕು ವರ್ಷ ಒಂದು ಸಾಲೂ ಬರೆಯದ ಅಕ್ಕ ಈಗ ಊಟದ ವಿಚಾರ ಕೇಳುತ್ತಾಳೆ ಎಂದು ನೀನು ಮೂತಿ ತಿರುಗಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ತಿರುಗಿಸು, ಆದರೆ ಪೂರ್ತಿ ಓದು. ನಾನು ಚೆನ್ನಾಗಿದ್ದೇನೆ, ನಾಲಿಗೆ ಮೊದಲಿನಷ್ಟೇ ಉದ್ದ ಇದೆ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಅಂದರೆ ಸಾಕು, ಎದ್ದು ಹೊರಗೆ ಹೋಗುತ್ತಾರೆ. ಆದರೂ ಒಂಬತ್ತಕ್ಕೆ ಸರಿಯಾಗಿ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಸ್ಕ್ರೂ ತಿರುಗುವ ಸದ್ದು ಕೇಳಿಯೇ ನನ್ನ ತಪ್ಪು ಹಿಡಿಯುತ್ತಾರೆ.

ನಿನ್ನ ವಿಳಾಸ ಕೊಟ್ಟದ್ದು ಹಳೆಯ ಲೆನ್ಸ್ ಮಾರುವ ನಮ್ಮ ಬೋಳಣ್ಣ. ಯಾವುದೋ ಕೆಲಸಕ್ಕೆ ನಿಮ್ಮ ಊರಿಗೆ ಹೋದಾಗ ನಿನ್ನನ್ನು ಕಂಡರಂತೆ. ನೀನು ಟೈರ್ ಗೋದಾಮಿನಲ್ಲಿ ಎಣಿಕೆ ಬರೆಯುತ್ತೀಯಂತೆ. ಅಲ್ಲಿ ಯಾರೋ ತಮ್ಮ ಮಗುವಿನದೊಂದು ಫೋಟೋ ತೆಗೆದುಕೊಡಿ ಎಂದು ಮೊಬೈಲ್ ಕೊಟ್ಟರೆ, "ನನ್ನ ಕಣ್ಣನ್ನ ನಾನೇ ನಂಬಲ್ಲ, ಬೇರೆಯವರಿಗೆ ಹೇಳಿ" ಅಂದು ವಾಪಸ್ ಕೊಟ್ಟೆಯಂತೆ. ಕಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರೂ ಎರಡು ಸಲ ಕನ್ನಡಕ ಬದಲಾಯಿಸಿದೆಯಂತೆ. ಇದನ್ನು ಕೇಳಿದ ದಿನವೇ ಪತ್ರದ ಹಾಳೆ ತಂದಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಒಬ್ಬರು ನಿನ್ನದೇ ಮಾದರಿಯ ಕ್ಯಾಮೆರಾ ತಂದರು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತಂತೆ. ಒಳಗಿನ ಫೋಕಸಿಂಗ್ ಸ್ಕ್ರೀನನ್ನು ಪುಣ್ಯಾತ್ಮ ಕರವಸ್ತ್ರದಲ್ಲಿ ಒರೆಸಿದ್ದಾರೆ. ಆ ಮಸುಕು ಹಲಗೆಗೆ ಬಟ್ಟೆ ತಾಗಿದರೆ ಮುಗಿಯಿತು ಎಂದು ನಿನಗೆ ಗೊತ್ತಲ್ಲ. ಚುಕ್ಕೆ ಹೋಗಿ ಗೀರು ಬಂದಿತ್ತು. ಹೊಸದು ಹಾಕಬೇಕಾಯಿತು. ಲೆನ್ಸ್ ಬಿಚ್ಚಿ, ಚಿಮುಟದಿಂದ ತಂತಿ ಕ್ಲಿಪ್ ತಗ್ಗಿಸಿದೆ, ಸ್ಕ್ರೀನು ಮೆತ್ತಗೆ ಕನ್ನಡಿಯ ಮೇಲೆ ಇಳಿಯಿತು. ಅದರ ಹಿಂದೆ ಹಿತ್ತಾಳೆಯ ಶಿಮ್, ಚೌಕಟ್ಟಿನಂಥ ತಗಡು. ಉಗುರಿಗಿಂತ ತೆಳು, ಊದಿದರೆ ಹಾರಿಹೋಗುತ್ತದೆ. ಸ್ಕ್ರೀನು ಎಷ್ಟು ಎತ್ತರದಲ್ಲಿ ಕೂರಬೇಕು ಎಂದು ಹಿಡಿದಿಡುವುದೇ ಅದು. ಅದನ್ನು ಚಿಮುಟದಲ್ಲಿ ಎತ್ತಲು ಹೋಗಿ ಎರಡು ಸಲ ಬೀಳಿಸಿದೆ. ಅಪ್ಪ ಸದ್ದಿನಲ್ಲೇ ಗುರುತಿಸಿ, "ಇಟ್ಟುಬಿಡು, ಟೀ ಕುಡಿದು ಮಾಡು" ಎಂದರು.

ನಿನ್ನ ಕ್ಯಾಮೆರಾದಲ್ಲೂ ಇಂಥದೇ ಚುಕ್ಕೆ ಇತ್ತು. ನೆನಪಿದೆಯಾ, ಒಂದು ವಾರ ನನ್ನ ತಲೆ ತಿಂದಿದ್ದೆ. "ಆ ಧೂಳು ಚಿತ್ರದಲ್ಲಿ ಬರಲ್ಲ ಕಣೋ, ಕಿಂಡಿಯಲ್ಲಿ ಮಾತ್ರ ಕಾಣೋದು, ಸುಮ್ಮನಿರು" ಎಂದು ಎಷ್ಟು ಸಲ ಹೇಳಿದೆ. ನೀನು ಕೇಳುವ ಗಿರಾಕಿಯೇ? "ಯಾರ ಮುಖ ನೋಡಿದರೂ ಮೂಗಿನ ಮೇಲೆ ನೊಣ ಕೂತಂಗೆ ಕಾಣುತ್ತೆ ಅಕ್ಕಾ" ಅಂದೆ. ಅಮ್ಮ ನಕ್ಕಳು, "ಮಾಡಿಕೊಡೇ, ಅವನ ಗೋಳು ತಡೆಯೋಕಾಗಲ್ಲ" ಅಂದಳು. ಮಾಡಿಕೊಟ್ಟೆ. ಅಪ್ಪನ ನಿಯಮ ನಿನಗೂ ಬಾಯಿಪಾಠ: ಬಂದ ಪ್ರತಿ ಕ್ಯಾಮೆರಾಕ್ಕೂ ಒಂದು ಚೀಟಿ, ಬಿಚ್ಚಿದ ಪ್ರತಿ ತುಣುಕನ್ನೂ ಬಿಚ್ಚಿದ ಕ್ರಮದಲ್ಲೇ ಆ ಚೀಟಿಯ ಟೇಪಿಗೆ ಅಂಟಿಸುವುದು, ಟೇಪು ಖಾಲಿಯಾಗದೆ ಕ್ಯಾಮೆರಾ ಮುಚ್ಚುವಂತಿಲ್ಲ. ಮನೆಯವನ ಕೆಲಸಕ್ಕೆ ಎಂಥ ಚೀಟಿ ಎಂದು ನಾನು ಬರೆಯಲೇ ಇಲ್ಲ. ಒಂದು ತುಂಡು ಟೇಪನ್ನು ದೀಪದ ಬುಡಕ್ಕೆ ಅಂಟಿಸಿ, ಶಿಮ್ಮನ್ನು ಅದಕ್ಕೆ ತಗುಲಿಸಿದೆ. ಸ್ಕ್ರೀನಿಗೆ ಬ್ಲೋವರಿನಿಂದ ಗಾಳಿ ಹೊಡೆದು, ವಾಪಸ್ ಕೂರಿಸಿ, ಕ್ಲಿಪ್ ಒತ್ತಿದೆ. ಚುಕ್ಕೆ ಹೋಯಿತು. ನೀನು ನನ್ನ ಜಡೆ ಎಳೆದು ಓಡಿಹೋದೆ. ಶಿಮ್ ದೀಪದ ಬುಡದಲ್ಲೇ ಉಳಿಯಿತು.

ಅದಾಗಿ ಮೂರನೇ ದಿನ ಅಮ್ಮ ಗಿರಣಿಯಲ್ಲಿ ಸತ್ತಳು. ನೂಲು ಸುತ್ತುವ ಯಂತ್ರದ ಜಾಲರಿ ಮುಚ್ಚಳದ ಚಿಲಕ ಮುರಿದು ಎರಡು ತಿಂಗಳಾಗಿತ್ತು, ಮನೆಗೆ ಬಂದು ದಿನಾ ಹೇಳುತ್ತಿದ್ದಳು. ಅವತ್ತು ಆ ಮುಚ್ಚಳ ತಾನಾಗಿ ತೆರೆದುಕೊಂಡು ಯಂತ್ರ ಅವಳನ್ನು ಎಳೆದುಕೊಂಡಿತು. ಅವತ್ತೇ ಸಂಜೆ ಪಾಳಿ ಬದಲಾಗುವ ಹತ್ತು ನಿಮಿಷದಲ್ಲಿ ನೀನು ಒಳಗೆ ನುಗ್ಗಿದೆ. ಫ್ಲಾಶ್ ಹಾಕಿದರೆ ಸಿಕ್ಕಿಬೀಳುತ್ತೀಯ, ಕತ್ತಲಲ್ಲಿ ಆಟೋಫೋಕಸ್ ಹಿಡಿಯುವುದಿಲ್ಲ. ಅಪ್ಪನ ಹಳೆಯ ಲೆನ್ಸ್ ಹಾಕಿ, ಕಿಂಡಿಯಲ್ಲಿ ಕಣ್ಣಿಟ್ಟು, ಕೈಯಲ್ಲೇ ಫೋಕಸ್ ಮಾಡಿ ಆ ಚಿಲಕದ ಚಿತ್ರ ತೆಗೆದೆ. ಇಪ್ಪತ್ತೆರಡು ಚಿತ್ರ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡವು. ಮರುದಿನ ಬೆಳಿಗ್ಗೆಯಷ್ಟರಲ್ಲಿ ಗಿರಣಿಯವರು ಹೊಸ ಚಿಲಕ ಹಾಕಿಬಿಟ್ಟಿದ್ದರು. ಅಮ್ಮನ ಪರವಾಗಿ ಉಳಿದದ್ದು ನಿನ್ನ ಕ್ಯಾಮೆರಾದಲ್ಲಿದ್ದದ್ದು ಮಾತ್ರ.

ವಿಚಾರಣೆಯ ಮೇಜಿನ ಮೇಲೆ ಆ ಚಿತ್ರಗಳನ್ನು ದೊಡ್ಡದು ಮಾಡಿ ಹಾಕಿದ್ದನ್ನು ನಾನು ಬದುಕಿರುವತನಕ ಮರೆಯಲಾರೆ. ಚಿಲಕ ಇರಬೇಕಾದ ಜಾಗದಲ್ಲಿ ಬೂದಿಯಂಥ ಮಸುಕು. ಒಂದು ಗೇಣು ಹಿಂದೆ, ಗೋಡೆಗೆ ಹೊಡೆದ ಎಚ್ಚರಿಕೆಯ ಬೋರ್ಡು ಮಾತ್ರ ಒಂದೊಂದು ಅಕ್ಷರವೂ ಸ್ಪಷ್ಟ. ಯಂತ್ರದೊಳಗೆ ಕೈ ಹಾಕಬೇಡಿ ಎಂದು ಅಧಿಕಾರಿ ಅದನ್ನು ಜೋರಾಗಿ ಓದಿದರು. ಕೆಲಸಗಾರ್ತಿಯ ಅಜಾಗರೂಕತೆ ಎಂದು ಬರೆದು ಕಡತ ಮುಚ್ಚಿದರು. ಹೊರಗೆ ಬಂದ ಮೇಲೆ ಅಪ್ಪ ಮೆಟ್ಟಿಲ ಮೇಲೆ, ಎಲ್ಲರ ಎದುರು, "ಕಣ್ಣು ಎಲ್ಲಿಟ್ಟಿದ್ದೆಯೋ? ನಿಮ್ಮಮ್ಮ ಸತ್ತಿದ್ದು ಅವಳದೇ ತಪ್ಪು ಅಂತ ಬರೆಸಿಬಿಟ್ಟೆಯಲ್ಲೋ" ಎಂದರು. "ನನಗೆ ಚಿಲಕ ಚೊಕ್ಕಟವಾಗಿ ಕಂಡಿತ್ತು ಅಪ್ಪ" ಎಂದೆ ನೀನು. ಎರಡು ಸಲ ಅಂದೆ. ಮೂರನೇ ಸಲ ಅನ್ನುವಾಗ ನಿನ್ನ ಸ್ವರ ಇಳಿದುಹೋಗಿತ್ತು. ಮರುದಿನ ಕ್ಯಾಮೆರಾ ಮೇಜಿನ ಮೇಲಿಟ್ಟು ಹೊರಟುಹೋದೆ.

ತಪ್ಪು ನಿನ್ನ ಕಣ್ಣಿನದಲ್ಲ ಕಣೋ. ಹೋದ ವಾರ ದೀಪ ಕೆಟ್ಟಿತೆಂದು ತಿರುಗಿಸಿ ನೋಡಿದರೆ ಬುಡದಲ್ಲಿ ಶಿಮ್ ಅಂಟಿಕೊಂಡಿತ್ತು. ಕಪಾಟಿನಿಂದ ನಿನ್ನ ಕ್ಯಾಮೆರಾ ತೆಗೆದು ಬಿಚ್ಚಿದೆ. ಒಳಗೆ ಶಿಮ್ ಇರಲಿಲ್ಲ, ಸ್ಕ್ರೀನು ಕೂದಲೆಳೆಯಷ್ಟು ಮೇಲೆ ಕೂತಿತ್ತು. ಹಾಗೇ ಮುಚ್ಚಿ, ಮೇಜಿನ ಮೇಲೆ ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಅಪ್ಪನ ಲೆನ್ಸಿನಲ್ಲಿ ಹತ್ತನೇ ಗೆರೆಗೆ ಫೋಕಸ್ ಮಾಡಿದೆ. ಕಿಂಡಿಯಲ್ಲಿ ಹತ್ತು ಚೊಕ್ಕಟವಾಗಿ ಕಂಡಿತು. ಚಿತ್ರದಲ್ಲಿ ಹತ್ತು ಮಸುಕು, ಹಿಂದಿನ ಹದಿನಾಲ್ಕು ಸ್ಪಷ್ಟ. ಐದು ಸಲ ತೆಗೆದೆ, ಐದು ಸಲವೂ ಅಷ್ಟೇ. ಕಿಂಡಿ ಒಂದು ತೋರಿಸಿತು, ಚಿತ್ರದಲ್ಲಿ ಇನ್ನೊಂದು ಬಂತು. ನೀನು ನೋಡಿದ್ದು ಸರಿಯಾಗಿಯೇ ಇತ್ತು.

ಮೇಲೆ ಹೋದ ವಾರ ಎಂದು ಬರೆದಿದ್ದೇನೆ. ಅದನ್ನು ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಳ್ಳೋಣ ಅನ್ನಿಸಿತು. ಬೇಡ, ಇರಲಿ, ನಿನ್ನ ಅಕ್ಕ ಎಂಥವಳು ಎಂದು ನಿನಗೂ ಗೊತ್ತಾಗಲಿ. ಶಿಮ್ ನನಗೆ ಸಿಕ್ಕಿದ್ದು ನೀನು ಹೋದ ಎಂಟನೇ ದಿನ. ಅಳತೆಪಟ್ಟಿ ಇಟ್ಟು ನೋಡಿದ್ದೂ ಅವತ್ತೇ. ಅಪ್ಪ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೇಳೋಣವೆಂದು ಬಾಗಿಲತನಕ ಹೋದೆ. ಅಮ್ಮನ ಹೆಸರಿಗೆ ಮಸಿ ಬಳಿದವಳು ನಾನು ಎಂದು ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಗೆ ನಾಲ್ಕು ವರ್ಷ ಹಿಡಿಯಿತು. ಲೋಕಕ್ಕೆಲ್ಲ ಬುದ್ಧಿ ಹೇಳುವ ಈ ಬಾಯಿಗೆ ನಾನೇ ಬೀಗ ಹಾಕಿಕೊಂಡು, ನಿನ್ನ ತಟ್ಟೆಯಲ್ಲೇ ಉಂಡುಕೊಂಡಿದ್ದೆ. ಹೇಡಿ ನಾನು. ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ, ಕೇಳುವ ಮುಖವಿಲ್ಲ.

ಈಗ ಅಪ್ಪನಿಗೆ ಹೇಳುತ್ತೇನೆ. ಹೇಳಿದ ಮೇಲೆಯೇ ಈ ಪತ್ರ ಡಬ್ಬಿಗೆ ಬೀಳುವುದು. ಕೆನ್ನೆಗೆ ಬಿಗಿದರೂ ಸರಿ, ಅಂಗಡಿಯಿಂದ ಆಚೆ ಹಾಕಿದರೂ ಸರಿ. ನೀನು ಮಾತ್ರ ಆ ಕನ್ನಡಕ ತೆಗೆದಿಡು. ಬೆನ್ನಿಗೆ ಬಿಸಿನೀರು ಹಾಕಿಕೋ, ಭಾರ ಎತ್ತಬೇಡ. ನಿನಗೆ ಒಳ್ಳೆಯದಾಗಲಿ ಕಂದ, ನನ್ನ ಪಾಲಿನದೂ ನಿನಗೇ ಆಗಲಿ.

ಇಂತು,
ನಿನ್ನ ಬಾಯಿಬಡುಕಿ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. ಕೈಚಾಚಿ ಶಿಮ್ಮನ್ನು ಬೆರಳ ತುದಿಗೆ ಇಸಿದುಕೊಂಡು, "ಆ ಬೋರ್ಡಿನ ಅಕ್ಷರ ನೋಡಿದಾಗಲೇ ಗೊತ್ತಾಯ್ತು, ಶಿಮ್ ಬಿಟ್ಟಿದ್ದೀಯ ಅಂತ" ಎಂದರು. ಮೆಟ್ಟಿಲಿಗೆ ಬರುವ ಮುಂಚೆಯೇ ಗೊತ್ತಿತ್ತಂತೆ. ಮತ್ತೆ ಅವನನ್ನೇಕೆ ಅಂದಿರಿ ಎಂದು ಕೇಳಿದೆ. "ಗಂಡು ಹುಡುಗ, ತಡಕೊಳ್ತಾನೆ ಅಂದ್ಕೊಂಡೆ. ನಿನ್ನನ್ನ ಅಂದಿದ್ದರೆ ನೀನು ಬಾವಿಗೆ ಹಾರ್ತಿದ್ದೆ" ಎಂದರು. ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಮೇಜಿನಲ್ಲಿ ನಾಲ್ಕು ವರ್ಷ ಕೂತಿದ್ದೆವು. ಮನೆಗೆ ಬಾ ಎನ್ನಲು ನಮ್ಮಿಬ್ಬರಿಗೂ ಬಾಯಿಲ್ಲ. ನಿನ್ನ ಕ್ಯಾಮೆರಾಕ್ಕೆ ಇವತ್ತು ಚೀಟಿ ಬರೆದೆ. ಅದನ್ನೇ ಇದರೊಳಗೆ ಮಡಚಿಟ್ಟಿದ್ದೇನೆ, ಶಿಮ್ ಅದರ ಟೇಪಿಗೆ ಅಂಟಿದೆ. ದೂರು ಏನು ಎಂದು ಬರೆಯುವ ಜಾಗದಲ್ಲಿ ಅಪ್ಪ ಕಣ್ಣು ಕಾಣದೆ, ಸೊಟ್ಟಪಟ್ಟ ಅಕ್ಷರದಲ್ಲಿ, ತಾವೇ ಬರೆದಿದ್ದಾರೆ: ಹುಡುಗನಿಗೆ ಚಿಲಕ ಚೊಕ್ಕಟವಾಗಿ ಕಂಡಿತ್ತು.