ಬೋಟಿನ ಪ್ಲಗ್ಗಿಗೆ ಕಟ್ಟಿದ ಮಸಿ

ರೀ, ಅವ್ವನನ್ನು ನೋಡಲು ಕಮಲಾಪುರಕ್ಕೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ಶೇಂಗಾ ಹಿಂಡಿ ಗಡಿಗೆಯಲ್ಲಿದೆ.

ನಿನ್ನೆ ಕೆರೆಯ ನಡುವೆ ಬೋಟು ನಿಂತದ್ದು ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿಗೆ ಮಸಿ ಕಟ್ಟಿದ್ದರಿಂದ. ಬೇವಿನಕಡ್ಡಿಯಿಂದ ತಿಕ್ಕಿ, ಒಣಗಿಸಿ, ದೇವರ ಜಗಲಿಯ ಮೇಲೆ ವಿಭೂತಿ ತಟ್ಟೆಯ ಪಕ್ಕ ಇಟ್ಟಿದ್ದೇನೆ. "ದಣದದ, ಇನ್ನೊಂದೀಟು ಕುಡೀಲಿ" ಎಂದು ಪೆಟ್ರೋಲಿಗೆ ಎಣ್ಣೆ ಹೆಚ್ಚು ಸುರಿಯಬೇಡಿ, ಅದರಿಂದ ಮಸಿ ಹೆಚ್ಚುತ್ತದೆ. ಎಂಜಿನ್ನು ಮನೆಗೆ ಬಂದ ಬೀಗರಲ್ಲ.

ಬೋಟಿನ ಹಿಂದೆ ಗಾಳ ಬಿಟ್ಟು ಎಳೆಯುವಾಗ ನಿಮ್ಮ ಧಣಿ ಸಾಹೇಬರು ಮೆಲ್ಲಗೆ ಹೋಗು ಎನ್ನುತ್ತಾರೆ. ಮೆಲ್ಲಗೆ ಓಡಿದರೂ ಮಸಿ ಕಟ್ಟುತ್ತದೆ; ಸುತ್ತಿಗೊಮ್ಮೆ ಜೋರಾಗಿ ಓಡಿಸಿ, ಅದು ಸುಟ್ಟುಹೋಗುತ್ತದೆ. ಮೀನು ಬೆದರಿದರೆ ಬೆದರಲಿ, ನಾವೇನು ತಿನ್ನುವವರೇ? ಇವತ್ತೂ ಬೋಟು ನಿಂತರೆ ನಿಮ್ಮನ್ನು ಕೆಲಸದಿಂದ ಬಿಡಿಸಿ ಹುಟ್ಟು ಹಾಕುವವನನ್ನು ಇಟ್ಟುಕೊಳ್ಳುತ್ತಾರೆ.

ಸೋಮವಾರ ಬರುತ್ತೇನೆ. ಆಗ ನನ್ನನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿ. ಮೆಲ್ಲಗೇ ಹೋಗಿ, ಪ್ಲಗ್ಗು ನಾನೇ ತಿಕ್ಕಿಕೊಡುತ್ತೇನೆ.

ಗುರಮ್ಮ