ತಿಥಿ ಕಾರ್ಡಿನ ಮಾಸ್ಟರ್ ಫೈಲು

೧೮-೯-೨೦೨೫, ಗುರುವಾರ

ಇವತ್ತು ನಮ್ಮ ಪ್ರೆಸ್ಸಿನಲ್ಲಿ ಎರಡು ತಿಥಿ ಕಾರ್ಡು. ಒಂದು ಮಂಡಿ ಮೊಹಲ್ಲಾದ ಬೆಲ್ಲದ ಅಂಗಡಿಯವರ ತಾಯಿಯದು. ಇನ್ನೊಂದು ನಮ್ಮ ಚಾಮರಾಜಪುರಂ ಮನೆಯ ಹಿಂದಿನ ಬೀದಿಯ ವೆಂಕಟಸುಬ್ಬಯ್ಯ ಮೇಷ್ಟ್ರದು. ಎರಡನ್ನೂ ನಾನೇ ಟೈಪ್ ಮಾಡಿದೆ.

ಮದುವೆ, ಗೃಹಪ್ರವೇಶ, ನಾಮಕರಣ... ಅವನ್ನು ಮಗ ಯೋಗೇಂದ್ರ ಮಾಡಲಿ. ತಿಥಿ ಕಾರ್ಡು ಮಾತ್ರ ನನ್ನ ಕೈಯಲ್ಲೇ ಆಗಬೇಕು. ಹನ್ನೆರಡು ವರ್ಷದಿಂದ ಹಾಗೇ. ಯಾಕೆಂದು ಕೇಳುವುದನ್ನೂ ಅವನು ಬಿಟ್ಟಿದ್ದಾನೆ. ಪ್ರೆಸ್ಸಿಗೆ ಬರುವವರು 'ಅಮ್ಮನವರ ಕೈಲಿ ಒಂದಕ್ಷರ ತಪ್ಪಾಗಲ್ಲ' ಅನ್ನುತ್ತಾರೆ. ನಿಜವೇ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲಿಗಳು ಈ ಚಾಮುಂಡೇಶ್ವರಿ.

ಮಾಸ್ಟರ್ ಫೈಲು ತೆಗೆಯುವುದು. ಅದರಲ್ಲಿರುವ ಹೆಸರು ಅಳಿಸುವುದು. ಹೊಸದಾಗಿ ಹೋದವರ ಹೆಸರು ಹಾಕುವುದು. ಪ್ರಿಂಟ್ ಕೊಡುವುದು. ಮುಚ್ಚುವಾಗ ಸೇವ್ ಮಾಡಲೇ ಎಂದು ಕಂಪ್ಯೂಟರು ಕೇಳುತ್ತದೆ. ಬೇಡ ಎಂದು ಒತ್ತಬೇಕು. ಒತ್ತಿದರೆ ಮಾಸ್ಟರ್ ಮೊದಲಿದ್ದ ಹಾಗೇ ಉಳಿಯುತ್ತದೆ.

ಇವತ್ತು ಎರಡು ಸಲ ಅಳಿಸಿದೆ. ಎರಡು ಸಲವೂ ವಾಪಸ್ ಬಂತು.

೨೨-೯-೨೦೨೫, ಸೋಮವಾರ

ಕಂಪ್ಯೂಟರ್ ರಿಪೇರಿಯ ವಿಜಯ್‌ಕುಮಾರ್ ಬಂದಿದ್ದ. ಯೋಗೇಂದ್ರನೇ ಕರೆಸಿದ್ದು, ನನ್ನನ್ನು ಕೇಳದೆ. ನಮ್ಮ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಹತ್ತು. ಅದು ಅಕ್ಟೋಬರ್ ಹದಿನಾಲ್ಕಕ್ಕೆ ಮುಗಿಯುತ್ತದಂತೆ. ಹನ್ನೊಂದಕ್ಕೆ ಹೋಗಬೇಕಂತೆ.

'ಮುಗಿದರೆ? ಅವತ್ತು ಬೆಳಿಗ್ಗೆ ಇದು ಉಸಿರು ಬಿಡುತ್ತದೋ?' ಎಂದೆ.

'ಇಲ್ಲ ಕಣಮ್ಮ. ಮನೆ ಇರ್ತದೆ, ವಾಚ್‌ಮನ್ ಇರಲ್ಲ. ಕಳ್ಳ ಬಂದ್ರೆ ಕೇಳೋರಿಲ್ಲ. ದಿನಾ ಹತ್ತು ಜನರ ಪೆನ್‌ಡ್ರೈವ್ ಹಾಕ್ತೀರಿ ನೀವು.'

'ಸರಿ, ಹನ್ನೊಂದು ಹಾಕು.'

'ಈ ಪೆಟ್ಗೆ ತಡೆಯಲ್ಲ. ಹೊಸಾದೇ ಬೇಕು. ಹೊಸಾದ್ರಲ್ಲಿ ನಿಮ್ಮ ಈ ಹಳೇ ಅಕ್ಷರದ ಸಾಫ್ಟ್‌ವೇರ್ ಕೂರಲ್ಲ. ಫೈಲು ತೆಗೆದ್ರೆ ಬರೀ ಸೊಟ್ಟ ಗೆರೆ ಕಾಣ್ತವೆ. ಒಂದೊಂದೇ ತೆಗೆದು, ಹೊಸ ಅಕ್ಷರಕ್ಕೆ ತಿರುಗಿಸಿ, ಕೂತ್ಕೊಂಡು ಓದಿ ತಿದ್ಬೇಕು. ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗ್ಬುಟ್ಟಿರ್ತವೆ.'

ಎಣಿಸಿದ. ನಾನೂರ ಹನ್ನೆರಡು ಮಾಸ್ಟರ್ ಫೈಲು.

ಯಾರಾದರೂ ಕುಳಿತು ಎಲ್ಲವನ್ನೂ ಓದಬೇಕು. ಎಲ್ಲವನ್ನೂ.

ಬೇಡ ಎಂದೆ. ವಿಷಯ ಅಲ್ಲಿಗೆ ಮುಗಿಯಿತು.

೨೪-೯-೨೦೨೫, ಬುಧವಾರ

ಕಾರ್ಡು ಮಡಿಸುವ ಸಾಕಮ್ಮ ತಡವಾಗಿ ಬಂದಳು. ನಗುತ್ತಲೇ ಬಂದಳು. ನಿನ್ನೆ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಕಾಗೆ ಕುಳಿತಿತಂತೆ. ದೋಷ ಕಳೆಯಬೇಕಲ್ಲ... ನಂಜನಗೂಡಿನಲ್ಲಿರುವ ಅವಳ ಅಕ್ಕನಿಗೆ 'ಸಾಕಮ್ಮ ಹೋಗಿಬಿಟ್ಟಳು' ಎಂದು ಸುಳ್ಳು ಸುದ್ದಿ ಫೋನು ಮಾಡಿಸಿದ್ದಾಳೆ. ಅಕ್ಕ ಬಾಯಿ ಬಡಿದುಕೊಂಡು ಅತ್ತಿದ್ದಾಳೆ. ಕಣ್ಣೀರು ಬಿದ್ದರೆ ದೋಷ ಹೋಯಿತು.

'ಆಮ್ಯಾಕೆ ನಾನೇ ಮಾತಾಡ್ದೆ ಅಮ್ಮಾವ್ರೇ, ಬದುಕಿವ್ನಿ ಕಣಕ್ಕ ಅಂತ. ಏನ್ ಬೈಗುಳ ಅಂತೀರಿ! ಬದುಕಿದ್ದುಕ್ಕೇ ಬೈದ್ಲು.'

ಎಲ್ಲರೂ ನಕ್ಕರು. ನಾನು ಕೇಳಿದೆ, 'ಆಮೇಲೆ ಸುಳ್ಳು ಅಂತ ಹೇಳದೇ ಇದ್ದಿದ್ದರೆ?'

'ಅಯ್ಯೋ, ಯೋಳ್ದಿದ್ರೆ ಆಯ್ತದಾ? ಯೋಳ್ನಿಲ್ಲ ಅಂದ್ರೆ ಆ ಸುಳ್ಳೇ ನಿಜ ಆಗ್ಬುಡ್ತದೆ.'



೧-೧೦-೨೦೨೫, ಬುಧವಾರ. ಆಯುಧಪೂಜೆ

ಯಂತ್ರಗಳಿಗೆ ಅರಿಶಿನ, ಕುಂಕುಮ, ಸೇವಂತಿಗೆ. ಕಂಪ್ಯೂಟರಿಗೂ. ಬೂದುಗುಂಬಳ ಒಡೆದ ಮೇಲೆ ಯೋಗೇಂದ್ರ ಅಲ್ಲೇ ನಿಂತ. ಹೋಗಲಿಲ್ಲ.

'ಅಮ್ಮ, ಒಂದು ಮಾತು. ಬಿಂದು ಈಗ ಇದೇ ಕೆಲಸ ಮಾಡ್ತಾಳೆ. ದಟ್ಟಗಳ್ಳೀಲಿ, ಮನೇಲೇ. ಹಳೇ ಅಕ್ಷರದ ಫೈಲುಗಳನ್ನ ಹೊಸದಕ್ಕೆ ತಿರುಗಿಸಿ ಕೊಡೋದು. ನಮ್ಮ ಮಾಸ್ಟರೆಲ್ಲಾ ಅವಳೇ ಮಾಡಿದ್ದು. ಅವಳಿಗೆ ಒಂದು ದಿನದ ಕೆಲಸ.'

ಹನ್ನೆರಡು ವರ್ಷದಲ್ಲಿ ಆ ಹೆಸರನ್ನು ಈ ಕಟ್ಟಡದಲ್ಲಿ ಯಾರೂ ಬಾಯಿಂದ ಆಡಿರಲಿಲ್ಲ. ಬೆರಳಿನಿಂದ ಆಡುತ್ತಿದ್ದವಳು ನಾನೊಬ್ಬಳೇ.

'ಅವಳ ಜೊತೆ ಮಾತು ಇದೆಯೋ ನಿನಗೆ?'

'ಇದೆ. ಮೊದಲಿಂದಾನೂ ಇದೆ.'

ಕುಂಕುಮದ ಕೈ ತೊಳೆಯದೆ ಮನೆಗೆ ಬಂದೆ.

ಬರೆದುಬಿಡುತ್ತೇನೆ. ಯಾರೂ ಓದುವ ಪುಸ್ತಕವಲ್ಲ ಇದು.

೨೦೧೩ರ ಜೂನ್. ನನ್ನ ಮಗಳು ಬಿಂದು ರಿಜಿಸ್ಟರ್ ಮದುವೆ ಮಾಡಿಕೊಂಡಳು. ಹುಡುಗ ಮನೋಹರ, ಅಶೋಕಪುರದ ಸಣ್ಣಮಾದಯ್ಯನ ಮಗ. ಬುದ್ಧ ಪೂರ್ಣಿಮೆಯ ಕರಪತ್ರ ಹಾಕಿಸಲು ಪ್ರೆಸ್ಸಿಗೆ ಬರುತ್ತಿದ್ದವನು. ನಮ್ಮ ಜನವಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಮರುದಿನ ಮಧ್ಯಾಹ್ನ ಪ್ರೆಸ್ಸಿನ ಶೆಟರ್ ಎಳೆದು, ಅವಳ ಸ್ಟೂಲಿನ ಮೇಲೆ ಕುಳಿತು, ಎರಡೇ ಬೆರಳಲ್ಲಿ ಅವಳ ತಿಥಿ ಕಾರ್ಡು ಟೈಪ್ ಮಾಡಿದೆ. ಬದುಕಿರುವವಳದು. ದೈವಾಧೀನಳಾದ ದಿನಾಂಕ — ಮದುವೆಯ ದಿನಾಂಕ. ಒಂದೇ ಒಂದು ಪ್ರತಿ. ಅವರ ಮನೆಯ ವಿಳಾಸಕ್ಕೆ ಅಂಚೆಗೆ ಹಾಕಿದೆ.

ಮುಚ್ಚುವಾಗ ಕಂಪ್ಯೂಟರು ಕೇಳಿತು. ಅವಳೇ ಹೇಳಿಕೊಟ್ಟಿದ್ದಳು, 'ಅಮ್ಮ, ಮಾಸ್ಟರ್ ಫೈಲನ್ನ ಯಾವತ್ತೂ ಸೇವ್ ಮಾಡ್ಬೇಡ, ಬೇಡ ಅಂತ್ಲೇ ಒತ್ತು.' ಅವತ್ತು ಹೌದು ಒತ್ತಿದೆ. ಕೈತಪ್ಪಿ ಅಲ್ಲ.

ಅಂದಿನಿಂದ ಅವಳ ಹೆಸರೇ ಮಾಸ್ಟರ್. ಈ ಮೊಹಲ್ಲಾದಲ್ಲಿ ಯಾರು ಸತ್ತರೂ ಮೊದಲು ಅವಳು ಕಾಣಬೇಕು. ಆಮೇಲೆ ಅವರು.

ನಮ್ಮ ಯಜಮಾನರು ಆ ವರ್ಷ ಕಾರ್ತಿಕದಲ್ಲಿ ಹೋದರು. ಅವರ ಕಾರ್ಡನ್ನೂ ನಾನೇ ಮಾಡಿದೆ. ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಬಿಂದು ಎಂಬುದನ್ನು ಅಳಿಸಿ, ಆ ಜಾಗದಲ್ಲಿ ದೇವಯ್ಯ ಎಂದು ಹಾಕಿದೆ. ಪ್ರಿಂಟಾಯಿತು. ಬೇಡ ಒತ್ತಿದೆ. ಅವರು ಹೋದರು, ಅವಳು ಬಂದಳು.

೩-೧೦-೨೦೨೫, ಶುಕ್ರವಾರ

ಎಲ್ಲರೂ ಊಟಕ್ಕೆ ಹೋದಾಗ ಫೈಲು ತೆಗೆದೆ. ಹೆಸರು ಅಳಿಸಿ ಖಾಲಿ ಬಿಟ್ಟು ಸೇವ್ ಮಾಡಿಬಿಡೋಣ, ಯಾರು ಬಂದು ಓದಿದರೂ ಭಯವಿಲ್ಲ ಎಂದುಕೊಂಡು.

ಅಳಿಸಿದೆ. ಖಾಲಿ ಜಾಗದಲ್ಲಿ ಆ ಸಣ್ಣ ಗೆರೆ ಮಿಟುಕುತ್ತಾ ನಿಂತಿತು. ಯಾರು, ಯಾರು ಎಂದು ಕೇಳುವ ಹಾಗೆ. ಆ ಜಾಗ ಖಾಲಿ ಬಿಟ್ಟರೆ ಸುಮ್ಮನಿರುವಂಥದ್ದಲ್ಲ, ಮನೆಯ ಇನ್ನೊಂದು ಹೆಸರು ಬೇಡುತ್ತದೆ. ಯೋಗೇಂದ್ರನ ಕನ್ನಡಕ ಅಲ್ಲೇ ಮೇಜಿನ ಮೇಲಿತ್ತು. ಅದನ್ನು ನೋಡಿದೆ...

ಬೇಡ ಒತ್ತಿದೆ.

೭-೧೦-೨೦೨೫, ಮಂಗಳವಾರ

ನನ್ನ ಕೈಯಲ್ಲಿ ತಪ್ಪಾಯಿತು.

ಮಹದೇವಸ್ವಾಮಿಯವರ ಕಾರ್ಡು. ಇನ್ನೂರು ಪ್ರತಿ. ಹೆಸರು ಎರಡು ಕಡೆ ಬರುತ್ತದೆ. ಮೇಲೆ ಒಮ್ಮೆ, ಕೊನೆಯ ಸಾಲಿನಲ್ಲಿ ಒಮ್ಮೆ. ಮೇಲಿನದು ಬದಲಾಯಿಸಿದೆ. ಕೆಳಗಿನದು... ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಿಟ್ಟವಳಲ್ಲ.

ಅರ್ಧ ಮಡಿಸಿದ ಮೇಲೆ ಸಾಕಮ್ಮ ಒಂದು ಕಾರ್ಡು ಹಿಡಿದು ಅಕ್ಷರ ಕೂಡಿಸಿ ಓದಿದಳು. 'ಅಮ್ಮಾವ್ರೇ, ಸ್ವಾಮಿಯೋರ್ ಮನೇಲಿ ಇಬ್ರು ಓಗ್ಬುಟ್ರಾ?'

ಯೋಗೇಂದ್ರ ಅವಳ ಕೈಯಿಂದ ಕಿತ್ತುಕೊಂಡ. 'ಬಿಂದುವಿನ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ.' ಗಟ್ಟಿಯಾಗಿ ಓದಿದ. ಹೋಗಿ ಕಂಪ್ಯೂಟರಿನಲ್ಲಿ ಫೈಲು ತೆಗೆದ. ನಾನು ತಡೆಯಲಿಲ್ಲ. 

ಓದಿ ಮುಗಿಸಿ ಕೇಳಿದ. 'ದಿನಾ ಸಾಯಿಸ್ತಾ ಇದ್ದೆಯೇನಮ್ಮ ಅವಳನ್ನ?'

'ದಿನಾ ಅಳಿಸ್ತಾ ಇದ್ದೆ' ಎಂದೆ. ಅದೇ ನಿಜ. ಅವನಿಗೆ ಅರ್ಥವಾಗಲಿಲ್ಲ.

ಇನ್ನೂರನ್ನೂ ಹರಿದು ಸುಡಿಸಿದೆ. ಅವನು ಹೊರಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಯಾರ ಜೊತೆ ಎಂದು ಕೇಳಲಿಲ್ಲ.

೧೨-೧೦-೨೦೨೫, ಭಾನುವಾರ

ಬಂದಿದ್ದಳು.

ಯೋಗೇಂದ್ರ ತರಿಸಿದ ಹೊಸ ಕಂಪ್ಯೂಟರು ನಿನ್ನೆಯೇ ಬಂದು ಕುಳಿತಿದೆ; ಈ ಸಲ ನಾನು ಬೇಡ ಎನ್ನಲಿಲ್ಲ. ಅದರ ಪಕ್ಕದಲ್ಲಿ ಹಳೆಯದು. ಬೆಳಿಗ್ಗೆ ಹತ್ತಕ್ಕೆ ಸ್ಕೂಟರಿನ ಸದ್ದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಕನ್ನಡಕ ಬಂದಿದೆ. ಕಿವಿಯ ಹತ್ತಿರ ಕೂದಲು ನರೆತಿದೆ. ಮೂವತ್ತೇಳು ವಯಸ್ಸಿಗೇ... ನನ್ನ ತಾಯಿಗೂ ಅಲ್ಲೇ ನರೆತಿತ್ತು.

'ಚೆನ್ನಾಗಿದ್ದೀರಾ?' ಎಂದಳು. ಹಿಂದೆ ನನ್ನನ್ನು ನೀನು ಎನ್ನುತ್ತಿದ್ದಳು.

'ಇದ್ದೇನೆ.'

ಮನೋಹರ ಹೊರಗೆ ಸ್ಕೂಟರಿನ ಹತ್ತಿರ ನಿಂತಿದ್ದ. ಒಳಗೆ ಬಾ ಎನ್ನಲು ಬಾಯಿ ಬರಲಿಲ್ಲ. ಸಾಕಮ್ಮ ಹೋಗಿ ಕಾಫಿ ಕೊಟ್ಟು ಬಂದಳು. ನನ್ನನ್ನು ಕೇಳಲೂ ಇಲ್ಲ.

ತನ್ನ ಹಳೇ ಸ್ಟೂಲಿನ ಮೇಲೆ ಕುಳಿತಳು. ಕೆಲಸ ಶುರು. ಹತ್ತು ಬೆರಳೂ ಓಡುತ್ತವೆ. ಮಧ್ಯೆ ಊಟಕ್ಕೆ ಏಳಲಿಲ್ಲ, ಡಬ್ಬಿ ತಂದಿದ್ದಳು. ನಾನು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಪಟ್ಟಿ ಕೆಳಗಿಳಿಯುತ್ತಾ ಬಂತು. ಆ ಫೈಲು ಬಿಡು ಎಂದು ಹೇಳಲು ಇಡೀ ದಿನ ಸಮಯವಿತ್ತು ನನಗೆ. ಹೇಳಲಿಲ್ಲ. ಯೋಗೇಂದ್ರನೂ ಅವಳಿಗೆ ಏನೂ ಹೇಳಿರಲಿಲ್ಲವೆಂದು ಅವಳ ಮುಖ ನೋಡಿ ಆಮೇಲೆ ತಿಳಿಯಿತು.

ತೆಗೆದಳು. ಬೆರಳು ನಿಂತವು.

ಪ್ರೂಫ್ ಓದುವ ಹಾಗೆ ಮೇಲಿನಿಂದ ಕೆಳಗಿನ ತನಕ ಓದಿದಳು.

'ಒಂದೂ ತಪ್ಪಿಲ್ಲ' ಎಂದಳು. ಕೆಳಗೆ ಬೆರಳು ತೋರಿಸಿ, 'ದುಃಖತಪ್ತರು ಅಂತ ಇದೆ. ಕೆಳಗೆ ಯಾರ ಹೆಸರೂ ಇಲ್ಲ. ಅವತ್ತಿನ ಕಾರ್ಡಲ್ಲೂ ಇರಲಿಲ್ಲ.'

ಸ್ಟೂಲಿನ ಮೇಲೇ ನನ್ನ ಕಡೆ ತಿರುಗಿದಳು.

'ಆ ಕಾರ್ಡು ನಮ್ಮತ್ತೆ ಕೈಗೆ ಸಿಕ್ಕಿತ್ತು. ಪುಟ್ಟಮಾದಮ್ಮ ಅಂತ ಅವರ ಹೆಸರು. ಓದಕ್ಕೆ ಬರಲ್ಲ, ನನ್ನ ಕೈಲೇ ಓದಿಸಿದ್ರು. ನಾನು ಓದಿದೆ. ಕೇಳಿ ಏನಂದ್ರು ಗೊತ್ತಾ? ನಿನ್ ತಲೆ ಮ್ಯಾಲೆ ಎಂದಾರ ಕಾಗೆ ಗೀಗೆ ಕುಂತಿತ್ತಾ ಮಗಾ? ಅದಕ್ಕೇ ಕಣವ್ವ ನಿಮ್ಮವ್ವ ಸುಳ್ ಸುದ್ದಿ ಕಳಿಸವ್ಳೆ. ನಿನ್ ದೋಷ ಕಳೀತಾವ್ಳೆ. ಅತ್ಬುಡು, ಚೆನ್ನಾಗ್ ಅತ್ಬುಡು. ಸುಳ್ಳು ಅಂತ ಇನ್ನೊಂದ್ ಕಾಗ್ದ ಬತ್ತದೆ ನೋಡು.'

ಅತ್ತೆಯ ದನಿಯಲ್ಲೇ ಹೇಳಿದಳು. ಬಾಯಿಯ ತುದಿಯಲ್ಲಿ ನಗು ಕೂಡ ಬಂತು. ಹೋಯಿತು.

'ಅವರಿಗೆ ಹಂಗೆಲ್ಲಾ ನಂಬಿಕೆ ಏನಿರಲಿಲ್ಲ. ನನಗೋಸ್ಕರ ಹೇಳಿದ್ದು. ಆದರೆ ಪೋಸ್ಟ್‌ಮ್ಯಾನ್ ಬಂದಾಗೆಲ್ಲಾ ಕೇಳೋರು, ನಮ್ ಬೀಗಿತ್ತಿ ಕಾಗ್ದ ಬಂತಾ ಅಂತ. ಅಶೋಕಪುರ ಬಿಟ್ಟು ದಟ್ಟಗಳ್ಳಿಗೆ ಬಂದಾಗ, ಹೊಸ ವಿಳಾಸ ತಿಳಿಸಿದ್ಯಾ ಅಂದ್ರು. ಹೋದ ವರ್ಷ ತೀರಿಕೊಂಡ್ರು.'

 ನಾನು ಮುಖ ನೋಡದ ಹೆಂಗಸು. ನನ್ನನ್ನು ಬೀಗಿತ್ತಿ ಎಂದು ಹನ್ನೊಂದು ವರ್ಷ ಕಾದಿದ್ದಾಳೆ.

ಬಿಂದು ಫೈಲನ್ನು ಮುಚ್ಚಿದಳು. ಎದ್ದಳು.

'ನಾನೂರ ಹನ್ನೊಂದು ಆಯಿತು. ಇದೊಂದನ್ನ ನಾನು ತಿರುಗಿಸಲ್ಲ. ನನ್ನ ಹೆಸರನ್ನ ನಾನೇ ಯಾಕೆ ಅಳಿಸಲಿ? ಸುಳ್ಳು ಸುದ್ದಿ ಕಳಿಸಿದವರೇ ಸುಳ್ಳು ಅಂತಾನೂ ಕಳಿಸ್ಬೇಕು. ಅದು ಪದ್ಧತಿ.'

ಬಾಗಿಲ ತನಕ ಹೋಗಿ ತಿರುಗಿದಳು. 'ನಾನು ಅತ್ತಿದ್ದೆ. ನನ್ನ ಕಡೆ ಲೆಕ್ಕ ಮುಗಿದಿದೆ.'

ಸ್ಕೂಟರಿನ ಸದ್ದು ತಿರುವಿನ ತನಕ ಕೇಳಿಸಿತು.

೧೪-೧೦-೨೦೨೫, ಮಂಗಳವಾರ. ಮಧ್ಯಾಹ್ನ ಎರಡೂವರೆ

ವಿಂಡೋಸ್ ಹತ್ತರ ಕೊನೆಯ ದಿನ. ನಾಲ್ಕು ಗಂಟೆಗೆ ವಿಜಯ್‌ಕುಮಾರ್ ಬಂದು ಹಳೆಯ ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಾನೆ. ಆ ಫೈಲನ್ನು ಹಾಗೇ ಬಿಟ್ಟರೆ ಹೊಸದರಲ್ಲಿ ಅದು ಸೊಟ್ಟ ಗೆರೆ. ಯಾರಿಗೂ ಓದಲು ಬರುವುದಿಲ್ಲ. ಹನ್ನೆರಡು ವರ್ಷ ಬೇಕೆಂದದ್ದು ಅದೇ ತಾನೆ? ಸುಮ್ಮನೆ ಕುಳಿತರೆ ಸಾಕು. ಸಿಕ್ಕಿಬಿಡುತ್ತದೆ.

ಆದರೆ ಓದಲು ಬಾರದಿದ್ದರೂ ಅದರೊಳಗೆ ಅವಳು ಸತ್ತೇ ಇರುತ್ತಾಳೆ. ಸಾಕಮ್ಮ ಹೇಳಿದ್ದು ಕಿವಿಯಲ್ಲೇ ಇದೆ. ಹೇಳದಿದ್ದರೆ ನಿಜ ಆಗಿಬಿಡುತ್ತದೆ.

ಫೈಲು ತೆಗೆದೆ. ಮೇಲಿನ ಬಿಂದು ಅಳಿಸಿದೆ. ಕೆಳಗಿನದೂ ಅಳಿಸಿದೆ. ಈ ಸಲ ಎರಡು ಸಲ ನೋಡಿಕೊಂಡೆ. ಆ ಗೆರೆ ಮಿಟುಕಿತು. ಯಾರು, ಯಾರು.

ಖಾಲಿ ಬಿಡುವ ಧೈರ್ಯ ನನಗಿಲ್ಲ. ಇನ್ನೊಬ್ಬರನ್ನು ಕೂರಿಸುವ ಹಕ್ಕೂ ಇಲ್ಲ. ಚಾಮುಂಡೇಶ್ವರಿ ಎಂದು ಹಾಕಿದೆ. ಎರಡು ಕಡೆಯೂ. ದಿನಾಂಕದ ಜಾಗ ಬಿಟ್ಟಿದ್ದೇನೆ. ದುಃಖತಪ್ತರು ಎಂಬುದರ ಕೆಳಗೂ ಬಿಟ್ಟಿದ್ದೇನೆ. ಇಷ್ಟವಿದ್ದವರು ಹಾಕಿಕೊಳ್ಳಲಿ.

ಸೇವ್ ಮಾಡಲೇ ಎಂದು ಕೇಳಿತು.

ಹೌದು.

ಮುಚ್ಚಿ, ಮತ್ತೆ ತೆಗೆದು ನೋಡಿದೆ. ಅವಳು ವಾಪಸ್ ಬರಲಿಲ್ಲ. ನಾನಿದ್ದೆ.

ಮೂರು ಗಂಟೆ

ಇನ್ನು ಕಾಗದ. ಟೈಪ್ ಮಾಡಲಾರೆ. ಕೈಯಲ್ಲೇ ಬರೆದು ಇವತ್ತೇ ಅಂಚೆಗೆ ಹಾಕಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ತಪ್ಪಾಗಬಾರದು.

ಚಿ. ಸೌ. ಬಿಂದುವಿಗೆ,

೨೦೧೩ನೇ ಇಸವಿ ಜೂನ್ ತಿಂಗಳಿನಲ್ಲಿ ಈ ವಿಳಾಸದಿಂದ ಕಳಿಸಿದ ಸುದ್ದಿ ಸುಳ್ಳು. ನೀನು ಬದುಕಿದ್ದೀಯೆ. ಕಾಗೆ ಮುಟ್ಟಿದ್ದು ನಿನ್ನನ್ನಲ್ಲ. ಈ ಕಾಗದವನ್ನು ನಿನ್ನ ಅತ್ತೆಯವರ ಫೋಟೋದ ಮುಂದೆ ಒಮ್ಮೆ ಗಟ್ಟಿಯಾಗಿ ಓದಬೇಕು. ಬೀಗಿತ್ತಿಯ ಕಾಗದ ಬಂತು ಎಂದು ಹೇಳಬೇಕು. ತಡವಾಯಿತು ಎಂದೂ ಹೇಳು.

ಇಂತಿ ನಿನ್ನ...