ಕೈಗೆ ಹಗುರವಾದ ಡಿಟೆಕ್ಟರ್

ವಿಕ್‌ಥಾರ್ಪ್, ನಾರ್ಫೋಕ್
ಸೋಮವಾರ, 4 ನವೆಂಬರ್ 2024

ಪ್ರೀತಿಯ ಏವಿಸ್,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಮುರಿದ ಮಣಿಕಟ್ಟು ಕೂಡಿಕೊಂಡಿತಲ್ಲ, ಸಮಾಧಾನ. ನೆಲದಡಿಯ ಲೋಹ ಹುಡುಕುವ ಡಿಟೆಕ್ಟರ್ ಕೊಳ್ಳಬೇಕು, ಕೈ ನೋಯಿಸದಂಥದ್ದು ಯಾವುದು ಹೇಳು, ಕ್ರಿಸ್‌ಮಸ್ಸಿಗೆ ಬಂದಾಗ ಇಬ್ಬರೂ ಸೇರಿ ಕ್ಲೆಮೆಂಟ್ ಲಾರ್ವುಡ್‌ನ ಹೊಲ ಸುತ್ತೋಣ ಎಂದು ಬರೆದಿದ್ದೀಯ. ಮೊದಲು ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಅದು ಸುಲಭ.

ಹಗುರ ಅಂತ ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡ. ನನಗೆ ಇದನ್ನು ಹೇಳಿಕೊಟ್ಟವನು ಪೇಟೆಯ ಅಂಗಡಿಯ ಮುದುಕ ಪಾಸ್ಕ್. "ತೂಕ ಎಷ್ಟು ಅಂತ ಕೇಳ್ಬೇಡಮ್ಮ, ತೂಕ ಎಲ್ಲಿ ಕೂತಿದೆ ಅಂತ ನೋಡು" ಅಂದ. ನೆಲ ಸವರುವ ತಟ್ಟೆ ಇರುವುದು ಕೋಲಿನ ಆ ತುದಿಯಲ್ಲಿ. ಅದೊಂದೇ ಭಾರವಾಗಿದ್ದರೆ ಯಂತ್ರ ಮೂತಿ ಕೆಳಗೆ ಮಾಡಿ ಮಣಿಕಟ್ಟನ್ನು ಎಳೆಯುತ್ತಲೇ ಇರುತ್ತದೆ. ಬ್ಯಾಟರಿ ಮೊಣಕೈ ಕೆಳಗಿರುವುದನ್ನು ತೆಗೆದುಕೋ. ಹಿಡಿಕೆಯನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು ನೋಡು, ಕೋಲು ತಾನಾಗಿ ನೆಲಕ್ಕೆ ಸಮನಾಗಿ ನಿಲ್ಲಬೇಕು. ತೋಳು ಕೂರಿಸುವ ದೊನ್ನೆ ಗಂಡಸರ ಅಳತೆಯದಾಗಿದ್ದರೆ ನಮ್ಮ ಕೈ ಅದರಲ್ಲಿ ಲೊಡಲೊಡ ಅನ್ನುತ್ತದೆ, ಪಟ್ಟಿ ಕಟ್ಟಿಸಿಕೋ. ಚಳಿಯ ಕೋಟು ಹಾಕಿಕೊಂಡೇ ಹೋಗಿ ನೋಡು. ಬೆನ್ನು ಬಾಗದ ಹಾಗೆ ಕೋಲು ಉದ್ದ ಮಾಡಿಕೊಳ್ಳಲು ಬರಬೇಕು. ಅಂಗಡಿಯ ಕಾರ್ಪೆಟ್ಟಿನ ಮೇಲೆ ಎರಡು ನಿಮಿಷ ಬೀಸಿದರೆ ಎಲ್ಲವೂ ಹಗುರವೇ. ಪಾಸ್ಕ್ ನನ್ನನ್ನು ಹಿತ್ತಲಿಗೆ ಕಳಿಸಿ ಕಾಲು ಗಂಟೆ ಬೀಸಿಸಿದ. ನಾನು ಮೂರನೆಯದನ್ನು ಎತ್ತಿಕೊಂಡಾಗ, "ಮುಖ ನೋಡಿದ್ರೇ ಗೊತ್ತಾಗುತ್ತೆ, ನಿಂದು ಇದೇ, ಕೈಯಲ್ಲಿ ಏನೋ ಇದೆ ಅನ್ನೋದೇ ಮರ್ತಿದ್ದೀಯ" ಅಂದ.

ನಿಜ, ಮರೆತಿದ್ದೆ. ಈಗ ನಾನು ಹೇಳಬೇಕಾದ ಮಾತು ಶುರುವಾಗುವುದೂ ಅಲ್ಲಿಂದಲೇ.

ಡಿಟೆಕ್ಟರ್ ಕ್ಲಬ್ಬಿನವರೊಬ್ಬರಿಂದ ಕೊಂಡ ಹಳೆಯ ಯಂತ್ರ ಒಂದು ಗಂಟೆಗೇ ಭುಜ ಸೆಳೆಯುತ್ತಿತ್ತು. ಹಾಗಾಗಿ ಆರು ವರ್ಷ ಗೇಟಿನ ಆಸುಪಾಸು ಬಿಟ್ಟು ನಾನು ಹೊಲದೊಳಕ್ಕೆ ಹೋದವಳೇ ಅಲ್ಲ. ಡಬ್ಬಿಗಳ ಮುಚ್ಚಳದ ಉಂಗುರ, ಸೀಸದ ಗುಂಡು, ಸವೆದ ತಾಮ್ರದ ನಾಣ್ಯ, ಅಷ್ಟಕ್ಕೇ ಖುಷಿಪಟ್ಟು ಚಹಾದ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಹೊಸದು ಬಂದ ಮೇಲೆ ಕಾಲು ಎಲ್ಲಿಗೆ ಒಯ್ದರೆ ಅಲ್ಲಿಗೆ. ಕಳೆದ ವರ್ಷ ಅಕ್ಟೋಬರಿನಲ್ಲಿ, ಬೆಳೆ ತೆಗೆದು ಉತ್ತ ಮಾರನೆಯ ದಿನ, ಹೊಲದ ಆ ತುದಿಗೆ ಹೋದೆ. ಹೆದ್ದಾರಿಯ ಕಡೆಯ ಮೂಲೆ. ನಾವು ಚಿಕ್ಕವರಿದ್ದಾಗ ಅಲ್ಲಿ ಸುಣ್ಣಮಣ್ಣು ತೆಗೆದ ಗುಂಡಿಯಿತ್ತು, ಸುತ್ತ ಮುಳ್ಳುಪೊದೆ, ನೆನಪಿದೆಯಾ? ಕ್ಲೆಮೆಂಟ್‌ನ ಅಪ್ಪ ಅದನ್ನು ಮುಚ್ಚಿಸಿದ್ದು ಎಪ್ಪತ್ತೊಂಬತ್ತರ ಏಪ್ರಿಲ್‌ನಲ್ಲಿ. ಈಗ ಅಲ್ಲಿರುವುದು ಒಂದು ತಗ್ಗು ಮಾತ್ರ.

ತಗ್ಗಿನ ಅಂಚಿನಲ್ಲಿ ಯಂತ್ರ ಕೂಗಿತು. ಬೆಳ್ಳಿಗೆ ಕೂಗುವ ಹಾಗೆ, ಸ್ಪಷ್ಟವಾಗಿ, ಒಂದೇ ಎತ್ತರದಲ್ಲಿ. ಗೇಣುದ್ದ ಅಗೆದೆ.

ಏವಿ, ಕೂತುಕೊಂಡು ಓದು. ನಿನ್ನ ಅಕ್ಕ ರೋವೆನಾಳ ಹದಿನೆಂಟನೆಯ ಹುಟ್ಟುಹಬ್ಬಕ್ಕೆ ನಿನ್ನ ಅಪ್ಪ ಕೊಟ್ಟ ಕೈಚೈನು ಅದು. ಬೆರಳಲ್ಲಿ ಮಣ್ಣು ಒರೆಸಿದರೆ ಹೆಸರಿನ ಅಕ್ಷರಗಳು ಹಾಗೇ ಇದ್ದವು. ಚೈನು ಒಂಟಿಯಾಗಿರಲಿಲ್ಲ. ಜೊತೆಗಿದ್ದದ್ದನ್ನು ನಾನು ಬರೆಯುವುದಿಲ್ಲ. ಏನೆಂದು ಗೊತ್ತಾಗುವಷ್ಟು ನೋಡಿದೆ, ಅಷ್ಟೇ.

ನಿನ್ನ ಅಕ್ಕ ಲಂಡನ್ನಿಗೆ ಹೋಗಲೇ ಇಲ್ಲ. ಅಡುಗೆಮನೆಯ ಮೇಜಿನ ಮೇಲೆ ಲಂಡನ್ನಿಗೆ ಹೋಗುತ್ತೇನೆ ಎಂದು ಚೀಟಿ ಬರೆದಿಟ್ಟವಳು ಹಿಮದಲ್ಲಿ ಹೊಲ ದಾಟಿ ಹೆದ್ದಾರಿಯ ಬಸ್ಸಿಗೆ ಹೊರಟಿದ್ದಾಳೆ. ಎಪ್ಪತ್ತೊಂಬತ್ತರ ಆ ಫೆಬ್ರುವರಿಯಲ್ಲಿ ಬೇಲಿಗಳೇ ಮುಳುಗಿದ್ದವು, ಗುಂಡಿ ಯಾರಿಗೆ ಕಾಣಬೇಕು? ಚೀಟಿ ಇದ್ದದ್ದರಿಂದ ಯಾರೂ ಹುಡುಕಲಿಲ್ಲ. ಅಂಚಿಗೆ ಅಷ್ಟು ಹತ್ತಿರ ಇದ್ದಳು ಏವಿ. ಮೇಲೆ ಹತ್ತಲು ನೋಡಿದ್ದಳೇನೋ ಅನ್ನುವುದನ್ನು ಮನಸ್ಸಿನಿಂದ ತೆಗೆಯಲು ನನಗೆ ಒಂದು ವರ್ಷದಿಂದ ಆಗಿಲ್ಲ.

ಇನ್ನು ನನ್ನ ತಪ್ಪು. ನಾನು ಚೈನನ್ನು ಇದ್ದಲ್ಲೇ ಇಟ್ಟು, ಮಣ್ಣು ಮುಚ್ಚಿ, ಬೂಟಿನಿಂದ ತುಳಿದು ಮನೆಗೆ ಬಂದೆ. ಬಟ್ಟೆ ಒಗೆದೆ. ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ಈ ಭಾನುವಾರ ಹೇಳುತ್ತೇನೆ ಅಂದುಕೊಂಡೆ. ನಿನ್ನ ಅಮ್ಮನಿಗೆ ತೊಂಬತ್ತು ದಾಟಿತ್ತು, ಹೇಳಿದರೆ ಎದೆ ಒಡೆದುಹೋಗುತ್ತದೆ ಎಂದು ನೆಪ ಮಾಡಿಕೊಂಡೆ. ಬಸ್ಸು ನಿಂತಾಗಲೆಲ್ಲ ಅವರು ಪರದೆ ಸರಿಸಿ ಯಾರಿಳಿದರು ಎಂದು ನೋಡುತ್ತಿದ್ದದ್ದು ಊರಿಗೆಲ್ಲ ಗೊತ್ತು. ಮಾರ್ಚಿನಲ್ಲಿ, ತೀರಿಕೊಳ್ಳುವ ಮೂರು ದಿನ ಮೊದಲು, ಸೂಪು ತೆಗೆದುಕೊಂಡು ಹೋಗಿದ್ದೆ. ನೀನು ಔಷಧಿಗೆ ಹೋಗಿದ್ದೆ. ನನ್ನ ತೋಳು ಹಿಡಿದುಕೊಂಡು ಹೇಳಿದರು, "ಲಿನ್, ಅವಳು ಬಂದ್ರೆ ಏವಿಸ್ ಬಯ್ತಾಳೆ. ಬಯ್ಬೇಡ ಅಂತ ಹೇಳು. ಮೊದ್ಲು ಒಳಗೆ ಕರ್ಕೊಳ್ಳಿ, ಹೊರಗೆ ಚಳಿ." ನಾನು ಆಯ್ತು ಆಂಟಿ ಅಂದೆ. ಚಮಚ ಬಾಯಿಗಿಟ್ಟೆ. ಅವಳು ಅರ್ಧ ಮೈಲಿ ದೂರದಲ್ಲಿ ಮಲಗಿದ್ದಾಳೆ ಎಂದು ಗೊತ್ತಿದ್ದೂ ಸೂಪು ಕುಡಿಸಿದೆ.

ಆಮೇಲೆ ನನಗೆ ಏನಾಗಿದೆಯೋ ತಿಳಿಯದು. ಅಂಗಡಿಯ ಬಾಗಿಲಿನ ಗಂಟೆ ಅವತ್ತು ಯಂತ್ರ ಕೂಗಿದ ಅದೇ ದನಿಯಲ್ಲಿ ಬಡಿಯುತ್ತದೆ. ಕೆಟಲು ಕುದಿಯುವ ಮುಂಚೆ ಅದೇ ದನಿ. ಯಂತ್ರವನ್ನು ಮತ್ತೆ ಮುಟ್ಟಿಲ್ಲ, ಆದರೆ ಪ್ರತಿ ಮಂಗಳವಾರ ಬರಿಗೈಯಲ್ಲಿ ಅಲ್ಲಿಗೆ ಹೋಗಿ ನಿಂತು ಬರುತ್ತೇನೆ. ರೋವೆನಾಳ ಎಡಗಿವಿ ಮಂದ, ಅದಕ್ಕೆ ಯಾವಾಗಲೂ ನನ್ನ ಎಡಕ್ಕೇ ನಡೆಯುತ್ತಿದ್ದಳಲ್ಲ? ವಾಪಸ್ ಬರುವಾಗ ನನ್ನ ಎಡಗಡೆ, ಅರ್ಧ ಹೆಜ್ಜೆ ಹಿಂದೆ, ಒದ್ದೆ ಮಣ್ಣಿನಲ್ಲಿ ಬೂಟು ಕೀಳುವ ಸಪ್ಪಳ. ನಡುಹಗಲು, ಬಿಸಿಲಿದ್ದಾಗಲೂ. ನಾನು ನಿಂತರೆ ಅದೂ ನಿಲ್ಲುತ್ತದೆ. ಹೆದರಿಕೆಯಾಗುವುದಿಲ್ಲ. ಗೇಟಿನ ತನಕ ಬಂದು ಅಲ್ಲೇ ಉಳಿಯುತ್ತದಲ್ಲ, ಅದನ್ನೇ ತಡೆಯಲಾಗುವುದಿಲ್ಲ.

ನಿನ್ನ ಕಾಗದ ಬಂದ ಮೇಲೆ, ನೀನು ನಗುತ್ತಾ ಆ ತಗ್ಗಿನ ಮೇಲೆ ಯಂತ್ರ ಬೀಸುವುದು ಕಣ್ಣಿಗೆ ಕಟ್ಟಿತು. ಇವತ್ತು ಬೆಳಿಗ್ಗೆ ಕ್ಲೆಮೆಂಟ್‌ನ ಅಂಗಳಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಪ್ಪ ಮುಚ್ಚಿಸ್ದಾಗ ನಾನೂ ಮಣ್ಣು ಎಳ್ದಿದ್ದೆ ಲಿನೆಟ್. ಬಗ್ಗಿ ನೋಡ್ಲಿಲ್ಲ ನಾವು. ಯಾರು ನೋಡ್ತಾರೆ ಹೇಳು" ಅಂದ. ಆಮೇಲೆ ಕೋಪ ಬಂತು ಅವನಿಗೆ. "ಒಂದು ವರ್ಷ! ಅವಳ ಮೇಲೆ ಈ ಸಲಾನೂ ಟ್ರ್ಯಾಕ್ಟರ್ ಹೊಡಿಸ್ದೆಯಲ್ಲ ನನ್ನ ಕೈಲಿ!" ಎಂದು ಕೂಗಿದ. ಅವನ ಹೆಂಡತಿ ಒಳಗಿನಿಂದ ಬಂದು ಇಬ್ಬರಿಗೂ ಚಹಾ ಕೊಟ್ಟಳು. ಯಾರೂ ಕುಡಿಯಲಿಲ್ಲ.

ಈ ಕಾಗದ ಬುಧವಾರ ನಿನ್ನ ಕೈ ಸೇರಬೇಕು. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ಪೊಲೀಸರ ಹತ್ತಿರ ಹೋಗುತ್ತೇನೆ, ಕ್ಲೆಮೆಂಟ್ ಜೊತೆಗೆ ಬರುತ್ತೇನೆ ಎಂದಿದ್ದಾನೆ. ಅವರ ಬಾಯಿಂದ ನಿನಗೆ ತಿಳಿಯುವ ಮೊದಲು ನನ್ನಿಂದ ತಿಳಿಯಲಿ. ಬರುವುದಾದರೆ ಬಾ, ನಿನ್ನ ಪಕ್ಕದಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲದಿದ್ದರೆ ದೂರದಲ್ಲಿ ನಿಲ್ಲುತ್ತೇನೆ. ಅವಳನ್ನು ಅಮ್ಮನ ಪಕ್ಕದಲ್ಲೇ ಮಲಗಿಸೋಣ.

ನಿನ್ನ ಮೌನಕ್ಕೂ ಬೈಗುಳಕ್ಕೂ ತಯಾರಾಗಿ ಕೂತಿರುವ,
ಲಿನೆಟ್

ಒಂದು ಮಾತು ಮರೆತೆ ಅಂತ ಬರೆಯಲು ಹೊರಟಿದ್ದೆ. ಮರೆತಿಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಅವಳು ಹೊಲ ದಾಟಬೇಕಾಗಿಯೇ ಇರಲಿಲ್ಲ. ಅವತ್ತು ಮಧ್ಯಾಹ್ನ ಎರಡಕ್ಕೆ ನನ್ನ ಅಪ್ಪನ ವ್ಯಾನು ತಂದು ರೈಲ್ವೆ ಸ್ಟೇಷನ್ನಿಗೆ ಬಿಡುತ್ತೇನೆ ಎಂದು ಮಾತು ಕೊಟ್ಟಿದ್ದವಳು ನಾನು. ಹಿಮ ಜಾಸ್ತಿ, ಅದಕ್ಕೇ ಹೋಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಆ ಹಿಮದಲ್ಲೂ ವ್ಯಾನು ಹೋಗುತ್ತಿತ್ತು. ಅವಳು ನನ್ನನ್ನು ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ. ನಾನು ಬರದಿದ್ದರೆ ಮನೆಗೆ ವಾಪಸ್ ಹೋಗುತ್ತಾಳೆ ಅಂದುಕೊಂಡೆ. ಚೈನು ಸಿಗುವ ತನಕ, ನಲವತ್ತನಾಲ್ಕು ವರ್ಷ, ನನ್ನ ಮೇಲಿನ ಕೋಪಕ್ಕೇ ಅವಳು ಕಾಗದ ಹಾಕುತ್ತಿಲ್ಲ ಎಂದು ನಂಬಿಕೊಂಡಿದ್ದೆ.